ಕ್ಯಾಲೆಂಡರ್ ಬೈಂಡು ಹಾಕಿದ ಪುಸ್ತಕ

ಮಲ್ಲಣ್ಣನವರೇ, ಆ ಪುಸ್ತಕವನ್ನು ನೀಲಕ್ಕನಿಗೆ ಕೊಟ್ಟವನು ನಾನು. ನಿಮ್ಮ ಹೆಂಡತಿ ಅಂದು ನಿಮಗೆ ಹೇಳಿದ್ದು ನಿಜ; ಬ್ಯಾಂಕಿನ ಕೌಂಟರಿನ ಹಿಂದೆ ಕೂತು ನಾನು ಹೇಳಿದ್ದು ಸುಳ್ಳು. ಮೊದಲು ಇಷ್ಟನ್ನು ಬರೆದುಬಿಡುತ್ತೇನೆ — ಸುತ್ತಿ ಬಳಸಿ ಮಾತಾಡುವುದು ನನಗೆ ಚೆನ್ನಾಗಿಯೇ ಬರುತ್ತದೆ, ಇನ್ನೆರಡು ಸಾಲು ತಡೆದರೆ ಈ ಮಾತು ಹೊರಗೆ ಬರುತ್ತದೋ ಇಲ್ಲವೋ ನನಗೇ ಖಾತ್ರಿಯಿಲ್ಲ.

ನಿಮಗೆ ಗೊತ್ತಿರುವುದನ್ನೂ ಮತ್ತೆ ಹೇಳುತ್ತೇನೆ, ಬೇಸರಿಸಬೇಡಿ. ಮೊದಲಿನಿಂದ ಹೇಳದಿದ್ದರೆ ನಡುವೆ ಎಲ್ಲಾದರೂ ನುಣುಚಿಕೊಳ್ಳುತ್ತೇನೆ.

ನಾನು ವಿಶಾಖಪಟ್ಟಣಕ್ಕೆ ವರ್ಗವಾಗಿ ಬಂದಾಗ ಅಲ್ಲಿನ ನಮ್ಮ ಕನ್ನಡ ಸಂಘದಲ್ಲಿ ಒಂದು ಕಬ್ಬಿಣದ ಟ್ರಂಕು ಇತ್ತು. ಬ್ಯಾಂಕಿನವರಾಗಲಿ ನೌಕಾಪಡೆಯವರಾಗಲಿ, ಊರು ಬಿಡುವಾಗ ತಮ್ಮ ಕನ್ನಡ ಪುಸ್ತಕಗಳನ್ನು ಅದರಲ್ಲಿ ಹಾಕಿ ಹೋಗುವುದು ಪದ್ಧತಿ. ಲಾರಿಯಲ್ಲಿ ಫ್ರಿಜ್ಜಿಗೆ ಜಾಗ ಸಿಗುತ್ತದೆ, ಪುಸ್ತಕಕ್ಕೆ ಸಿಗುವುದಿಲ್ಲವಲ್ಲ. ಹಾಗೆ ಬೆಳೆದ ಟ್ರಂಕು ಅದು. ಯಾರು ಏನು ಒಯ್ದರು ಎಂದು ಬರೆದಿಡುವ ಪದ್ಧತಿ ಇರಲಿಲ್ಲ, ಎಲ್ಲ ನಂಬಿಕೆಯ ಮೇಲೆ. ನಾನು ಓದುವವನು ಎಂದು ಯಾರೋ ಹೇಳಿದರು, ಬೀಗದ ಕೈ ನನ್ನ ಕೈಗೆ ಬಂತು. ಅಂದಿನಿಂದ ತಿಂಗಳ ಸಭೆಯಲ್ಲಿ ಉಪ್ಪಿಟ್ಟು ಕೇಸರಿಬಾತು ಮುಗಿದ ಮೇಲೆ ಎಲ್ಲರೂ ನನ್ನನ್ನು ಸುತ್ತುವರಿದು ಕೇಳುತ್ತಿದ್ದರು: "ಸರ್, ಮುಂದೇನು ಓದೋಣ?"

ಆ ಪ್ರಶ್ನೆ ಕಿವಿಗೆ ಬಿದ್ದರೆ ಸಾಕು, ನಾನು ನೆಲದ ಮೇಲೆ ಇರುತ್ತಿರಲಿಲ್ಲ. ಬ್ಯಾಂಕಿನಲ್ಲಿ ನನ್ನ ಮಾತನ್ನು ಪ್ಯೂನ್ ಕೂಡ ಎರಡನೆಯ ಸಲಕ್ಕೆ ಕೇಳುತ್ತಿದ್ದ. ಇಲ್ಲಿ ನಾನು ವೈದ್ಯ, ಉಳಿದವರು ರೋಗಿಗಳು. ಹೊಸದಾಗಿ ಮದುವೆಯಾದವಳಿಗೆ ಕೂಡುಕುಟುಂಬದ ಕಾದಂಬರಿ ಕೊಡಬಾರದು. ಗಂಡ ಹಡಗು ಹತ್ತಿ ಹೋದ ಮನೆಗೆ ವಿರಹದ ಕಥೆ ಬೇಡವೇ ಬೇಡ. ನಿವೃತ್ತಿಗೆ ಹತ್ತಿರವಾದವರಿಗೆ ನಗಿಸುವಂಥದ್ದು ಕೊಡಬೇಕು. ಇಂಥ ಹತ್ತಾರು ನಿಯಮಗಳನ್ನು ನಾನೇ ಮಾಡಿಕೊಂಡಿದ್ದೆ. ಅವುಗಳಲ್ಲಿ ನನಗೆ ಅತಿ ಹೆಮ್ಮೆಯದು ಜೋಡಿಯ ನಿಯಮ — ಒಂದು ಕಾದಂಬರಿಯ ಜೊತೆಗೆ ಒಂದು ರಾಜಕೀಯದ ಪುಸ್ತಕ. ಕಾದಂಬರಿಯಲ್ಲಿ ಒಬ್ಬ ಅಳುತ್ತಾನೆ, ಯಾಕೆ ಅತ್ತ ಎಂದು ಇನ್ನೊಂದು ಪುಸ್ತಕ ಹೇಳುತ್ತದೆ. "ಕಥೆ ಓದಿದ ಮೇಲೆ ಕಾರಣ ಓದಬೇಕು" ಎಂದು ಸಭೆಯಲ್ಲಿ ಬೆರಳೆತ್ತಿ ಹೇಳುತ್ತಿದ್ದೆ. ಎಲ್ಲರೂ ತಲೆಯಾಡಿಸಿ ಕಥೆಯನ್ನು ಮಾತ್ರ ಒಯ್ಯುತ್ತಿದ್ದರು, ಕಾರಣಗಳು ಟ್ರಂಕಿನ ತಳದಲ್ಲಿ ಹಾಗೆಯೇ ಉಳಿದಿರುತ್ತಿದ್ದವು.

ಎರಡನ್ನೂ ಒಯ್ದವರು ನೀಲಕ್ಕ ಒಬ್ಬರೇ.

ನೀವು ಹೆಚ್ಚಾಗಿ ಸಮುದ್ರದ ಮೇಲೆ ಇರುತ್ತಿದ್ದ ವರ್ಷಗಳವು, ಆದ್ದರಿಂದ ಅವರು ಹೇಗೆ ಓದುತ್ತಿದ್ದರು ಎಂಬುದನ್ನು ನೀವು ನೋಡಿರಲಾರಿರಿ. ಪುಸ್ತಕ ವಾಪಸು ತಂದಾಗ "ಚೆನ್ನಾಗಿತ್ತು" ಎಂದು ಟ್ರಂಕಿಗೆ ಹಾಕಿ ಹೋಗುವವರಲ್ಲ. ಒಂದು ಸಲ ಒಂದು ದಪ್ಪ ಕಾದಂಬರಿಯನ್ನು ಮೇಜಿನ ಮೇಲಿಟ್ಟು ಹೇಳಿದರು, "ಸರ, ಈ ಕಥಿಯೊಳಗ ಯಾರೂ ರೊಟ್ಟಿ ಬಡಿಯೂದs ಇಲ್ಲ ನೋಡ್ರಿ. ಬರೇ ವಿಚಾರ ಮಾಡ್ತಾರ. ಇವರಿಗೆ ಊಟಕ್ಕ ಹಾಕವ್ರು ಯಾರು?" ನಾನು ಆ ಕಾದಂಬರಿಯನ್ನು ಹದಿನೈದು ಜನಕ್ಕೆ ಹೊಗಳಿ ಹೊಗಳಿ ಕೊಟ್ಟಿದ್ದೆ! ನಗಬೇಕೋ ಸಿಟ್ಟಾಗಬೇಕೋ ತಿಳಿಯಲಿಲ್ಲ. ಅದಾದ ಮೇಲೆ ಅವರಿಗೆ ಪುಸ್ತಕ ಆರಿಸುವಾಗ ಮಾತ್ರ ನಾನು ಎರಡು ಸಲ ಯೋಚಿಸುತ್ತಿದ್ದೆ.

ಆ ವರ್ಷ ಸಂಘದವರೆಲ್ಲ ಬಸ್ಸು ಮಾಡಿಕೊಂಡು ಪಿಕ್ನಿಕ್‌ಗೆ ಹೋಗಿದ್ದು ನಿಮಗೆ ನೆನಪಿರಬಹುದು, ನೀವೂ ಬಂದಿದ್ದಿರಿ. ಬಸ್ಸು ಅಚ್ಯುತಾಪುರಂ ದಾಟುವಾಗ ಎರಡೂ ಕಡೆ ಕಾರ್ಖಾನೆಗಳ ಉದ್ದನೆಯ ಕಾಂಪೌಂಡು. ಮುಂದಿನ ಸೀಟುಗಳಲ್ಲಿ ಅಂತ್ಯಾಕ್ಷರಿ ನಡೆದಿತ್ತು. ನೀಲಕ್ಕ ಕಿಟಕಿಯಿಂದ ಮುಖ ತಿರುಗಿಸದೆಯೇ ಕೇಳಿದರು, "ಇಲ್ಲಿ ಮೊದಲ ಇದ್ದ ಮಂದಿ ಎಲ್ಲಿ ಹ್ವಾದ್ರರೀ ಸರ?" ನನಗೆ ಗೊತ್ತಿರಲಿಲ್ಲ. ಗೊತ್ತಿಲ್ಲ ಎಂದೇ ಹೇಳಿದೆ. ಆಗ ಅವರು ತಮ್ಮ ತವರೂರಿನ ಮಾತು ತೆಗೆದರು — ಬಾಗಲಕೋಟೆಯ ಕಡೆಯ ಊರು, ಅಣೆಕಟ್ಟಿನ ಮುಳುಗಡೆಯಲ್ಲಿ ಹೋದದ್ದು. "ನಮ್ಮ ತವರಮನಿ ನೀರಾಗ ಐತ್ರಿ" ಎಂದರು, ನಮ್ಮ ಮನೆ ಎರಡನೇ ಕ್ರಾಸಿನಲ್ಲಿದೆ ಎಂದು ಹೇಳುವ ಹಾಗೆ.

ಮುಂದಿನ ಸಭೆಗೆ ನಾನು ಜೋಡಿಯನ್ನು ಸಿದ್ಧಮಾಡಿದೆ. ಒಂದು, ಮುಳುಗಿದ ಊರಿನ ಕುರಿತ ಕಾದಂಬರಿ. ಅದನ್ನು ಓದಿ ಬಂದು ಅವರು ಕೇಳಿದ ಮಾತು ಇದು: "ಮುದುಕಿ ಅಳೂದು ಐತಿ, ಹೊಳಿ ಐತಿ, ಗುಡಿ ಐತಿ. ಊರ ತೊಗೊಂಡವರ ಹೆಸರs ಇಲ್ಲ. ಅದು ಎಲ್ಲಿ ಸಿಗತೈತ್ರಿ?" ಅದಕ್ಕೆ ಉತ್ತರವಾಗಿ ನಾನು ಎರಡನೆಯದನ್ನು ಕೊಟ್ಟೆ. ಅಣೆಕಟ್ಟು, ಬಂದರು, ಕಾರ್ಖಾನೆ, ಸೇನೆಯ ನೆಲೆ — ದೇಶದ ಹೆಸರಿನಲ್ಲಿ ಜಾಗ ಬಿಟ್ಟುಕೊಟ್ಟ ಊರುಗಳನ್ನು ಸುತ್ತಿ, ಜನರನ್ನು ಮಾತಾಡಿಸಿ ಬರೆದ ಪುಸ್ತಕ. ಬೈಗುಳವಿಲ್ಲ, ಘೋಷಣೆಯಿಲ್ಲ. ಯಾರು ಏನು ಮಾತು ಕೊಟ್ಟರು, ಏನು ಉಳಿಸಿಕೊಂಡರು, ಅಷ್ಟೇ.

ಆ ಪುಸ್ತಕ ಟ್ರಂಕಿನದಲ್ಲ, ನನ್ನದು. ಕೊಡುವ ಮುನ್ನ ಅದಕ್ಕೆ ನಮ್ಮ ಬ್ಯಾಂಕಿನ ಹಳೆಯ ಕ್ಯಾಲೆಂಡರಿನ ಹಾಳೆ ಹರಿದು ಬೈಂಡು ಹಾಕಿದೆ. ಕಡಲ ಗಾಳಿಗೆ ರಟ್ಟು ಮೆತ್ತಗಾಗುತ್ತದೆ ಎಂದು ನೀಲಕ್ಕನಿಗೆ ಹೇಳಿದೆ. ನಿಜವೇನೆಂದರೆ — ಕಾದಂಬರಿಗೆ ನಾನು ಬೈಂಡು ಹಾಕಿರಲಿಲ್ಲ. ಎರಡೂ ಅದೇ ಗಾಳಿಯಲ್ಲಿ ಇರುವ ಪುಸ್ತಕಗಳೇ. ನೌಕಾಪಡೆಯ ಕ್ವಾರ್ಟರ್ಸಿನ ಮನೆಯೊಳಗೆ ಆ ಹೆಸರು, ಆ ಮುಖಚಿತ್ರ ಯಾರ ಕಣ್ಣಿಗೂ ಬೀಳುವುದು ಬೇಡ ಎಂದು ನನಗೆ ಅನ್ನಿಸಿತ್ತು. ಅಂದರೆ, ಕೊಡುವಾಗಲೇ ನಾನು ಅರ್ಧ ಹಿಂದೆ ಸರಿದಿದ್ದೆ. ಅವರು ಆ ಬೈಂಡನ್ನು ನೋಡಿ ನಕ್ಕು, "ಸಾಲಿ ಹುಡುಗಿ ಮಾಡಿದ್ರಲ್ರಿ ನನ್ನ" ಎಂದು ಬ್ಯಾಗಿಗೆ ಹಾಕಿಕೊಂಡರು.

ಮುಂದಿನದು ನಿಮಗೆ ಗೊತ್ತು. ನೀವು ಹಡಗಿನಿಂದ ಬಂದಿರಿ. ನಮ್ಮ ಮಲ್ಕಾಪುರದ ಶಾಖೆಯಲ್ಲೇ ನಿಮ್ಮೆಲ್ಲರ ಸಂಬಳದ ಖಾತೆ. ಊಟದ ಹೊತ್ತಿಗೆ ಸ್ವಲ್ಪ ಮುಂಚೆ ಯೂನಿಫಾರ್ಮಿನಲ್ಲೇ ಬಂದು, ಪುಸ್ತಕವನ್ನು ನನ್ನ ಮುಂದೆ ಇಟ್ಟಿರಿ. ಜೋರು ಮಾಡಲಿಲ್ಲ. ಜೋರು ಮಾಡಿದ್ದರೆ ನಾನೂ ಏನಾದರೂ ಗಟ್ಟಿಯಾಗಿ ಹೇಳುತ್ತಿದ್ದೆನೇನೋ — ಇಲ್ಲ, ಈ ಮಾತು ಬಿಡಿ.

"ಸರ, ಇದನ್ನ ನೀವs ಕೊಟ್ಟೀರೇನ್ರಿ? ನಮ್ಮಾಕಿ ನಿಮ್ಮ ಹೆಸರ ಹೇಳಾಕತ್ತಾಳ" ಎಂದಿರಿ. ಹಿಂದಿನ ದಿನ ಊಟಕ್ಕೆ ಕೂತಾಗ ಅವರು ನಿಮ್ಮನ್ನು ಕೇಳಿದ ಪ್ರಶ್ನೆಯನ್ನೂ ನೀವೇ ನನಗೆ ಹೇಳಿದಿರಿ: "ಬರೇ ದೇಶ ದೇಶ ಅಂತೀರಿ, ಮುಳುಗಿದ ನಮ್ಮೂರು ದೇಶದ ಒಳಗಿತ್ತೋ ಹೊರಗಿತ್ತೋ?" ಇದು ಆಕೆಯ ಮಾತಲ್ಲ, ಯಾರೋ ತಲೆಗೆ ತುಂಬಿದ ಮಾತು ಎಂಬುದು ನಿಮ್ಮ ಸಂಕಟ. ನಿಮ್ಮ ಮುಖದಲ್ಲಿ ಸಿಟ್ಟಿಗಿಂತ ಆ ಸಂಕಟವೇ ಹೆಚ್ಚಾಗಿತ್ತು.

ನಾನು ಪುಸ್ತಕವನ್ನು ಕೈಗೆ ಎತ್ತಿಕೊಂಡು, ಮೊದಲ ಸಲ ನೋಡುವವನಂತೆ ಎರಡು ಹಾಳೆ ತಿರುವಿದೆ. ಈಗಲೂ ನನಗೆ ಎಲ್ಲಕ್ಕಿಂತ ನಾಚಿಕೆ ತರುವುದು ಆ ಎರಡು ಹಾಳೆ. "ಇಲ್ಲ ಮಲ್ಲಣ್ಣನವರೇ. ನಾನು ಕಥೆ ಕಾದಂಬರಿ ಬಿಟ್ಟು ಬೇರೇನೂ ಕೊಡಲ್ಲ. ಇಂಥದ್ದೆಲ್ಲ ನನಗ್ಯಾಕೆ?"

"ಬೈಂಡು ನಿಮ್ಮ ಬ್ಯಾಂಕಿಂದ ಐತಲ್ರಿ?"

"ಅಯ್ಯೋ, ನಮ್ಮ ಕ್ಯಾಲೆಂಡರು ಕ್ವಾರ್ಟರ್ಸಲ್ಲಿ ಯಾರ ಮನೇಲಿ ಇಲ್ಲ ಹೇಳಿ?"

ಎಷ್ಟು ಸಲೀಸಾಗಿ ಬಂತು ನೋಡಿ. ನೀವು "ಹಂಗಾರ ಇದು ನಮ್ಮ ಸಂಗಪ್ಪಂದs ಕೆಲಸ. ಪಂಚಮಿಗೆ ತವರಿಗೆ ಹ್ವಾದಾಗ ಕೊಟ್ಟು ಕಳಿಸ್ಯಾನ" ಎಂದಿರಿ. ಸಂಗಪ್ಪ ನೀಲಕ್ಕನ ತಮ್ಮ ಎಂದು ನನಗೆ ಗೊತ್ತಿತ್ತು. ಮುಳುಗಡೆಯವರ ಪರಿಹಾರಕ್ಕಾಗಿ ಕಚೇರಿ ಕಚೇರಿ ಅಲೆಯುವವನು, ಧರಣಿ ಕೂರುವವನು, ಅದಕ್ಕೇ ನಿಮಗೂ ಅವನಿಗೂ ಅಷ್ಟಕ್ಕಷ್ಟೇ ಎಂಬುದೂ ಗೊತ್ತಿತ್ತು. ನೀವು ನನ್ನ ಮುಖ ನೋಡುತ್ತಿದ್ದಿರಿ. ನಾನು ಹೇಳಿದೆ:

"ಇರಬಹುದು."

ಒಂದೇ ಮಾತು. ಸುಳ್ಳು ಅಂತಲೂ ಹೇಳಲಾಗದ ಮಾತು. ಬ್ಯಾಂಕಿನಲ್ಲಿ ದಿನಕ್ಕೆ ಐವತ್ತು ಸಲ ಆಡುತ್ತೇವೆ — ಸರ್ವರ್ ಡೌನ್ ಇರಬಹುದು, ನಾಳೆ ಆಗಬಹುದು. ಆ ಮಾತಿನಿಂದ ನಾನು ನನ್ನ ಕುತ್ತಿಗೆಯನ್ನು ಬಿಡಿಸಿಕೊಂಡು, ನಾನು ಕಂಡೇ ಇರದ ಒಬ್ಬ ಮನುಷ್ಯನ ಕುತ್ತಿಗೆಗೆ ಆ ಹೊರೆ ಕಟ್ಟಿದೆ. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎನ್ನುತ್ತಾರಲ್ಲ, ಬರೆ ಎಳೆಯುವ ಕಬ್ಬಿಣವನ್ನು ಕಾಯಿಸಿ ನಿಮ್ಮ ಕೈಗೆ ಕೊಟ್ಟವನು ನಾನು.

ಯಾಕೆ ಹಾಗೆ ಹೇಳಿದೆ? ಎಷ್ಟೋ ವರ್ಷ ನನಗೆ ನಾನೇ ಒಂದು ಕಾರಣ ಹೇಳಿಕೊಂಡು ಬಂದೆ: ಪಕ್ಕದ ಮೇಜಿನಲ್ಲಿ ಮ್ಯಾನೇಜರ್ ಇದ್ದರು, ಬಡ್ತಿಯ ಸಂದರ್ಶನ ಹತ್ತಿರವಿತ್ತು, ರಾಜಕೀಯದ ಪುಸ್ತಕ ಹಂಚುತ್ತಾನೆ ಎಂದು ಹೆಸರು ಬಂದರೆ — ಎಂದು. ಆದರೆ ನಮ್ಮ ಮ್ಯಾನೇಜರ್ ಗುಂಟೂರಿನವರು. ಅವರಿಗೆ ಕನ್ನಡದ ಒಂದಕ್ಷರ ಬರುತ್ತಿರಲಿಲ್ಲ. ನಾವಿಬ್ಬರೂ ಕನ್ನಡದಲ್ಲಿ ಮಾತಾಡುತ್ತಿದ್ದೆವು. ಅವರು ಅತ್ತ ಫೋನಿನಲ್ಲಿ ಯಾರಿಗೋ "ಚೂಸ್ತಾನಂಡಿ, ಚೂಸ್ತಾನು" — ನೋಡ್ತೀನಿ, ನೋಡ್ತೀನಿ — ಎಂದು ಸಮಾಧಾನ ಹೇಳುತ್ತಿದ್ದರು. ಕೇಳಿಸಿಕೊಂಡವರು ಯಾರೂ ಇರಲಿಲ್ಲ. ನನಗೆ ಯಾವ ಅಪಾಯವೂ ಇರಲಿಲ್ಲ. ನಿಮ್ಮ ಮುಂದೆ ಸಣ್ಣವನಾಗುವುದು ಬೇಡ ಅನ್ನಿಸಿತು, ಅಷ್ಟೇ. ಇನ್ನೊಬ್ಬರ ಹೆಂಡತಿಗೆ ಬುದ್ಧಿ ಹೇಳಲು ಹೋದವನು ಎಂದು ನೀವು ಅಂದುಕೊಂಡರೆ ಎಂಬ ಅಳುಕು. ನನ್ನ ಮಾನಕ್ಕೆ ಒಂದು ಗೀರು ಬೀಳದಿರಲಿ ಎಂದು ನೀಲಕ್ಕನನ್ನು ಸುಳ್ಳುಗಾತಿ ಮಾಡಿದೆ.

ಇನ್ನೊಂದನ್ನೂ ಹೇಳಬೇಕು. ನಿಮ್ಮನ್ನು ನೋಯಿಸಿದ ಆ ಪ್ರಶ್ನೆ ಆ ಪುಸ್ತಕದಲ್ಲಿ ಇಲ್ಲ. ಮತ್ತೆ ಕೊಂಡು ತಂದು, ಅದಕ್ಕೆಂದೇ ಕೊನೆಯವರೆಗೆ ಓದಿದೆ. ಎಲ್ಲೂ ಇಲ್ಲ. ನಾನೂ ಅದನ್ನು ಹೇಳಿಕೊಟ್ಟವನಲ್ಲ, ಅಂಥ ಪ್ರಶ್ನೆ ನನಗೆ ಹೊಳೆಯುವುದೂ ಇಲ್ಲ. ಅದು ನೀಲಕ್ಕನದೇ ಪ್ರಶ್ನೆ. ಯಾರೂ ತುಂಬಿದ್ದಲ್ಲ. ನಿಮ್ಮ ಮನೆಯವರು ನಿಮ್ಮನ್ನು ನಂಬಿ, ನಿಮ್ಮನ್ನೇ ಕೇಳಿದ್ದು.

ಅದರ ಮುಂದಿನ ತಿಂಗಳ ಸಭೆಗೆ ಅವರು ಬಂದರು. ನಾನು ಏನೂ ಆಗದವನಂತೆ ಟ್ರಂಕು ತೆರೆದು, "ನೀಲಕ್ಕ, ಮುಂದೇನು ಕೊಡಲಿ?" ಎಂದೆ. ನನ್ನ ಮುಖದ ಚರ್ಮ ಎಷ್ಟು ದಪ್ಪವಿತ್ತು! ಅವರು ತಮ್ಮ ಬಳಿಯೇ ಉಳಿದಿದ್ದ ಆ ಕಾದಂಬರಿಯನ್ನು ಮಾತ್ರ ವಾಪಸು ಇಟ್ಟು, "ಬ್ಯಾಡ್ರಿ ಸರ" ಎಂದರು. ಅಷ್ಟು ಜನರ ನಡುವೆ ನನ್ನ ಮರ್ಯಾದೆ ಕಳೆಯಬಹುದಿತ್ತು, ಕಳೆಯಲಿಲ್ಲ. ಆಮೇಲೆ ಸಂಘಕ್ಕೆ ಬರುವುದನ್ನೇ ಬಿಟ್ಟರು. ಯಾಕೆ ಬರುತ್ತಿಲ್ಲ ಎಂದು ಎಲ್ಲರೂ ಕೇಳಿದರು, ನಾನೂ ಅವರ ಜೊತೆ ಸೇರಿ ಕೇಳಿದೆ. ಕೆಲವು ತಿಂಗಳಲ್ಲಿ ವಿಜಯವಾಡದ ಕಡೆಗೆ ನನಗೆ ವರ್ಗವಾಯಿತು. ಬೀಳ್ಕೊಡುಗೆಯಲ್ಲಿ ನನಗೆ ಶಾಲು ಹೊದಿಸಿ "ನಮ್ಮ ಓದಿನ ಗುರುಗಳು" ಎಂದರು. ಹೊದಿಸಿಕೊಂಡೆ.

ಈಗ ನಾನಿರುವುದು ಇಬ್ರಾಹಿಂಪಟ್ನಂ ಶಾಖೆಯಲ್ಲಿ. ಪುಸ್ತಕದ ಮೇಲೆಲ್ಲ ವಿದ್ಯುತ್ ಸ್ಥಾವರದ ಬೂದಿ ಕೂರುತ್ತದೆ. ಆರೇಳು ವರ್ಷ ನಿಮ್ಮ ಮನೆಯ ಸುದ್ದಿಯನ್ನು ನಾನು ಕೇಳಲಿಲ್ಲ — ಸಿಗಲಿಲ್ಲ ಎಂದಲ್ಲ, ಕೇಳಲಿಲ್ಲ. ಮೊನ್ನೆ ವಿಜಯವಾಡದ ಪುಸ್ತಕ ಪ್ರದರ್ಶನಕ್ಕೆ ಹೋಗಿದ್ದೆ. ಕನ್ನಡದ ಮಳಿಗೆ ಇರುವುದಿಲ್ಲ ಎಂದು ಗೊತ್ತು, ಆದರೂ ಪ್ರತಿ ಸಲ ಒಂದು ಸುತ್ತು ಹುಡುಕುತ್ತೇನೆ. ಅಲ್ಲಿ ನೀಲಕ್ಕ ಸಿಕ್ಕರು. ಜೊತೆಗೆ ನಿಮ್ಮ ಮಗಳು; ಇಲ್ಲಿನ ಕಾಲೇಜಿಗೆ ಸೇರಿದ್ದಾಳೆ ಎಂದು ತಿಳಿಯಿತು. ತೆಲುಗು ಪುಸ್ತಕಗಳ ರಾಶಿಯಿಂದ ತಲೆಯೆತ್ತಿ ಆ ಹುಡುಗಿ ಕೇಳಿದಳು, "ಅಂಕಲ್ ಗಾರು, ಪುಸ್ತಕದ ಅಂಕಲ್ ಅಂದರೆ ನೀವೇನಾ?" ಕುಂಬಳಕಾಯಿ ಕಳ್ಳ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ ನಾನು ನೀಲಕ್ಕನ ಮುಖ ನೋಡಿದೆ. ಅವರು ಮಗಳಿಗೆ ಆ ಸುಳ್ಳಿನ ವಿಷಯ ಏನನ್ನೂ ಹೇಳಿರಲಿಲ್ಲ. ಬರೀ ಒಳ್ಳೆಯದನ್ನೇ ಹೇಳಿದ್ದರು.

ಚಟ ಬಿಡುವುದಿಲ್ಲವಲ್ಲ, ಕೇಳಿಬಿಟ್ಟೆ: "ಈಗೇನು ಓದ್ತಿದ್ದೀರಿ?"

"ಓದೂದು ಬಿಟ್ಟು ಭಾಳ ದಿನಾ ಆತ್ರಿ" ಎಂದರು. ಸಿಟ್ಟಿನಿಂದ ಹೇಳಲಿಲ್ಲ. ಮನೆಯ ಕಡೆ ಎಲ್ಲ ಹೇಗಿದ್ದಾರೆ ಎಂದು ನಾನೇ ಕೇಳಿದ್ದಕ್ಕೆ, ಸಂಗಪ್ಪನ ಮಾತು ಬಂತು. ಪಂಚಮಿ ಹಬ್ಬಕ್ಕೆ ಅಕ್ಕನನ್ನು ಕರೆಯಲು ಅವನು ವರ್ಷ ವರ್ಷವೂ ಬಾಗಲಕೋಟೆಯಿಂದ ವಿಶಾಖಪಟ್ಟಣದವರೆಗೆ ರೈಲು ಬದಲಿಸಿ ಬದಲಿಸಿ ಬರುತ್ತಿದ್ದನಂತೆ, ಎಳ್ಳುಂಡೆ ಕಟ್ಟಿಸಿಕೊಂಡು. ಆ ವರ್ಷ ನೀವು ಫೋನಿನಲ್ಲಿ "ಇನ್ನ ಕರೀಲಾಕ ಬರಬ್ಯಾಡ" ಎಂದಿರಂತೆ. ಮುಂದಿನ ಪಂಚಮಿಯಿಂದ ಅವನು ಬರಲಿಲ್ಲ. ಪುನರ್ವಸತಿ ಕೇಂದ್ರದಲ್ಲಿ ಅವನು ಕೊನೆಗೂ ಸ್ವಂತ ಮನೆ ಕಟ್ಟಿದ, ಗೃಹಪ್ರವೇಶಕ್ಕೆ ನೀಲಕ್ಕ ಹೋಗಲಿಲ್ಲ. "ಮೊದಲನೇ ಮನಿ ನೀರಾಗ ಹ್ವಾತು. ಎರಡನೇದ್ದು ನಾ ನೋಡೇ ಇಲ್ರಿ" ಎಂದರು. "ಇವರು ಕೆಟ್ಟವರಲ್ರಿ. ಆದ್ರ ನಾ ಏನ ಹೇಳಿದ್ರೂ ಇನ್ನೊಬ್ಬರನ್ನ ಕೇಳಿ ಖಾತ್ರಿ ಮಾಡ್ಕೋತಾರ. ಅವತ್ತಿನಿಂದ" ಎಂದರು.

ನಮ್ಮ ಬ್ಯಾಂಕಿನಲ್ಲಿ ಒಬ್ಬರು ನಮೂದಿಸಿದ್ದನ್ನು ಇನ್ನೊಬ್ಬರು ಒಪ್ಪಿದರೆ ಮಾತ್ರ ಲೆಕ್ಕ ಮುಂದೆ ಹೋಗುವುದು. ಹಣಕ್ಕೆ ಅದು ಸರಿ. ನೀಲಕ್ಕನ ಮಾತಿಗೂ ಹಾಗೆ ಇನ್ನೊಬ್ಬರ ಒಪ್ಪಿಗೆ ಬೇಕಾಗುವಂತೆ ಮಾಡಿದವನು ನಾನು. ನೋಡಿ, ಈಗ ಅದನ್ನು ಸರಿಮಾಡಲು ಹೊರಟಾಗಲೂ ಅವರ ಮಾತು ನಿಜವಾಗುವುದಕ್ಕೆ ನನ್ನ ಮಾತೇ ಬೇಕಾಗಿದೆ. ಇದಕ್ಕಿಂತ ಅನ್ಯಾಯ ಏನಿದೆ?

ಅಲ್ಲೇ, ಆ ಗದ್ದಲದಲ್ಲೇ ಕೇಳಿದೆ: "ನೀಲಕ್ಕ, ಮಲ್ಲಣ್ಣನವರಿಗೆ ನಿಜ ಹೇಳಿಬಿಡಲೇ?"

"ಅದನ್ನ ನನ್ನ ಕೇಳಬ್ಯಾಡ್ರಿ ಸರ" ಎಂದರು. "ಅವತ್ತ ಇಲ್ಲ ಅನ್ನೂ ಮುಂದ ನನ್ನ ಕೇಳಿದ್ರೇನು?"

ಮಗಳು "ವೆಳ್ದಾಮಾ ಅಮ್ಮಾ" ಎಂದು ಹೊರಡಲು ಅವಸರಿಸಿ ಕೈ ಹಿಡಿದಳು. ಇಬ್ಬರೂ ಆಟೊ ಹತ್ತಿದರು.

ಮೊದಲು ಯಾರಿಗೆ ಹೇಳಬೇಕು ಎಂದು ಯೋಚಿಸಿದೆ. ಬಾಗಲಕೋಟೆಯಲ್ಲಿರುವ ನನ್ನ ಹಳೆಯ ಸಹೋದ್ಯೋಗಿಯೊಬ್ಬರನ್ನು ಹಿಡಿದು ಸಂಗಪ್ಪನ ನಂಬರು ಪತ್ತೆಮಾಡಿ ನಿನ್ನೆ ಫೋನ್ ಮಾಡಿದೆ. ಯಾರು, ಏನು, ಯಾವಾಗ — ಎಲ್ಲ ಹೇಳಿದೆ. ಬೈಯುತ್ತಾನೆ ಎಂದುಕೊಂಡಿದ್ದೆ, ಬೈಯಲೆಂದು ಕಾದೆ. ಫೋನ್ ಕಟ್ ಆಯಿತೇನೋ ಎಂದು "ಹಲೋ" ಅಂದೆ.

"ಅದೀನ್ರಿ" ಎಂದ. ಆಮೇಲೆ ಕೇಳಿದ, "ಯಾವ ಪುಸ್ತಕರೀ ಅದು? ನಾ ಅದನ್ನ ಕಣ್ಣಿಲೆ ನೋಡಿಲ್ಲ. ಹೆಸರರ ಹೇಳ್ರಿ, ಓದ್ತೀನಿ."

ಸಾವಿರ ಸಲ ಸಾವಿರ ಜನಕ್ಕೆ ಓದಲು ಪುಸ್ತಕದ ಹೆಸರು ಹೇಳಿದ ಬಾಯಿ ಇದು. ನಿನ್ನೆ ಒಂದು ಹೆಸರು ಹೇಳುವುದಕ್ಕೆ ತಡವರಿಸಿತು. ತಾನು ನೋಡಿಯೇ ಇಲ್ಲದ ಒಂದು ಪುಸ್ತಕಕ್ಕಾಗಿ ಒಡಹುಟ್ಟಿದವಳನ್ನು ಕಳೆದುಕೊಂಡ ಮನುಷ್ಯ, ಈಗ ಅದರ ಹೆಸರು ಕೇಳುತ್ತಿದ್ದ. ನಾನು ಅತ್ತೆ, ಮಲ್ಲಣ್ಣನವರೇ. ಅತ್ತದ್ದನ್ನು ದೊಡ್ಡ ವಿಷಯ ಎಂದು ಹೇಳುತ್ತಿಲ್ಲ, ಆಗಿದ್ದನ್ನು ಹೇಳಿದೆ.

ನನ್ನನ್ನು ಕ್ಷಮಿಸಿ ಎಂದು ಕೇಳುವುದಿಲ್ಲ. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು. ಅವತ್ತಿನ "ಇರಬಹುದು" ಇನ್ನು ವಾಪಸು ಬರುವುದಿಲ್ಲ. ನೀಲಕ್ಕನನ್ನು ಕ್ಷಮಿಸಿ ಎಂದೂ ಹೇಳುವುದಿಲ್ಲ, ಅವರು ತಪ್ಪೇ ಮಾಡಿಲ್ಲ. ಬರುವ ಭಾನುವಾರ ಬೆಳಗಿನ ರೈಲಿಗೆ ವಿಶಾಖಪಟ್ಟಣಕ್ಕೆ ಬರುತ್ತೇನೆ. ಬಾಗಿಲು ತೆರೆದರೆ ಅವರ ಎದುರಿಗೇ ಇದನ್ನೆಲ್ಲ ಬಾಯಿಬಿಟ್ಟು ಹೇಳುತ್ತೇನೆ. ತೆರೆಯದಿದ್ದರೆ ಹೊರಗೆ ನಿಂತೇ ಹೇಳಿ ಹೋಗುತ್ತೇನೆ. ಪಂಚಮಿಗೆ ಇನ್ನೂ ಸಮಯವಿದೆ.

ಸಂಗಪ್ಪನಿಗೆ ಕೊನೆಗೂ ಪುಸ್ತಕದ ಹೆಸರು ಹೇಳಿದೆ. ಒಂದು ಪ್ರತಿಯನ್ನು ಇವತ್ತು ಬೆಳಿಗ್ಗೆ ಅಂಚೆಗೂ ಹಾಕಿ ಬಂದೆ. ಮೊದಲ ಪುಟದಲ್ಲಿ ನನ್ನ ಹೆಸರು ಬರೆದಿದ್ದೇನೆ. ಬೈಂಡು ಹಾಕಿಲ್ಲ.